ನೋಡುವವರ ಕುಸ್ತಿ

ಇಬ್ಬರು ತೋಳಿನ ಬಲವನ್ನು ಒರೆಗೆ ಹಚ್ಚಲು ನಿಂತಲ್ಲಿ ಎರಡು ಸಾವಿರ ಜನ ಗಂಟಲಿನ ಬಲವನ್ನು ಒರೆಗೆ ಹಚ್ಚಲು ನೆರೆಯುವರು. ಇದು ಲೋಕರೂಢಿ. ಕಣದೊಳಗಿನ ಕುಸ್ತಿಗೆ ಕಟ್ಟಳೆಯುಂಟು, ಪಂಚರುಂಟು, ಸೋಲು-ಗೆಲವುಗಳುಂಟು. ಕಣದ ಸುತ್ತಲೂ ನಡೆಯುವ ನೋಡುವವರ ಕುಸ್ತಿಗೆ ಇವಾವವೂ ಇಲ್ಲ. ಅಲ್ಲಿ ಯಾರೂ ಸೋಲುವದಿಲ್ಲ. ಏಕೆಂದರೆ ಅಲ್ಲಿ ಯಾರಿಗೂ ಹೆಸರಿಲ್ಲ. ಒಬ್ಬನು ಕೂಗಿದ್ದು ಎಲ್ಲರ ಕೂಗಾಗುವದು. ಎಲ್ಲರೂ ಮಾಡಿದ ತಪ್ಪು ಯಾರ ತಪ್ಪೂ ಆಗದೆ ಸಂಜೆಯ ಧೂಳಿನೊಡನೆ ಅಡಗಿಹೋಗುವದು.

ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ ಗೋಕಾವಿ, ಹುಕ್ಕೇರಿ, ಮೂಡಲಗಿಗಳ ಸುತ್ತಿನಲ್ಲಿ ಜಾತ್ರೆಗಳ ಸಾಲು ಆರಂಭವಾಗುವದು. ತೇರು ಎಳೆಯುವದು ಒಂದು ದಿನವಾದರೆ ಕುಸ್ತಿ ಹಿಡಿಯುವದು ಇನ್ನೊಂದು ದಿನ. ಅಡವಿಸಿದ್ಧೇಶ್ವರನ ಮಠದಿಂದ ಹೆಸರಾದ ಅಂಕಲಗಿಯಂಥ ಊರುಗಳಲ್ಲಿ ಕುಸ್ತಿಯ ಕಣವೆಂದರೆ ದೇವರ ಗುಡಿಯಷ್ಟೇ ನಾಜೂಕಿನ ಸ್ಥಳ. ಕೆಂಪು ಮಣ್ಣನ್ನು ಸೋಸಿ, ಮಜ್ಜಿಗೆ, ಎಣ್ಣೆ, ಅರಿಷಿಣಗಳನ್ನು ಬೆರೆಸಿ, ಹದಗೊಳಿಸಿ ಹರವಿರುವರು. ಒಳಗೆ ಕಾಲಿಡುವ ಪೈಲವಾನನು ಮೊದಲು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವನು. ಮೊದಲಿಗೆ ಹುಡುಗರ ತೆಂಗಿನಕಾಯಿಯ ಕುಸ್ತಿ. ಆಮೇಲೆ ಹತ್ತಿಪ್ಪತ್ತು, ನೂರಿನ್ನೂರು ರೂಪಾಯಿಗಳ ಜೋಡಿಗಳು. ಹೊತ್ತು ಇಳಿದಂತೆ ಬೆಳ್ಳಿಯ ಕಡೆಯ ಕುಸ್ತಿ, ಗದೆಯ ಕುಸ್ತಿ. ಹಲಗೆಯ ಬಡಿತವು ಏರಿದಂತೆ ಜನದ ರಕ್ತವೂ ಏರುವದು. ನೆಲದ ಮೇಲೆ ಕುಳಿತವರು, ಅವರ ಹಿಂದೆ ನಿಂತವರು, ನಿಂತವರ ಹಿಂದೆ ಚಕ್ಕಡಿಯನ್ನೇರಿದವರು, ಬೇವಿನ ಕೊಂಬೆಗೆ ಜೋತುಬಿದ್ದವರು, ಹೀಗೆ ಜನಸಮುದಾಯವು ಮೆಟ್ಟಿಲು ಮೆಟ್ಟಿಲಾಗಿ ಆಕಾಶದವರೆಗೆ ಏರಿರುವದು. ಆ ಮೆಟ್ಟಿಲುಗಳ ತುದಿಯಲ್ಲಿರುವವನಿಗೆ ಕುಸ್ತಿಯು ಕಾಣುವದು ಅರೆಪಾಲು. ಆದರೆ ಕೂಗು ಮಾತ್ರ ಅವನದೇ ದೊಡ್ಡದು.

ಇಂಥ ಕಣಗಳ ಬದಿಯಲ್ಲಿ ಅಂಕಲಗಿಯ ಒಬ್ಬ ನಿವೃತ್ತ ಮಾಸ್ತರರು ವರುಷ ವರುಷವೂ ಕುಳಿತಿರುತ್ತಾರೆ. ವಯಸ್ಸು ಎಪ್ಪತ್ತೈದನ್ನು ದಾಟಿದೆ. ಧೋತರ, ಬಿಳಿಯ ಟೊಪ್ಪಿಗೆ, ಪಕ್ಕದಲ್ಲಿ ಒಂದು ತಾಮ್ರದ ತಂಬಿಗೆಯ ತುಂಬ ನೀರು. ಡಾವುಗಳ ಹೆಸರೆಲ್ಲ ಅವರಿಗೆ ಗೊತ್ತು. ಘಿಸ್ಸಾ ಎಲ್ಲಿ ತಪ್ಪಿತು, ಕಲಾಜಂಗಕ್ಕೆ ಯಾವನು ಅವಸರಪಟ್ಟನು ಎಂಬುದನ್ನು ಸಂಜೆಗೆ ಕಟ್ಟೆಯ ಮೇಲೆ ವಿವರವಾಗಿ ಹೇಳಬಲ್ಲರು. ಆದರೆ ಕುಸ್ತಿ ನಡೆದಿರುವಾಗ ಅವರ ಬಾಯಿಂದ ಒಂದು ಶಬ್ದವೂ ಹೊರಡುವದಿಲ್ಲ. "ಮಾಸ್ತರರಿಗೆ ಕುಸ್ತಿಯೆಂದರೆ ಪರೀಕ್ಷೆಯ ಕೋಣೆ" ಎಂದು ಹುಡುಗರು ನಗುವರು. ಅವರೂ ನಕ್ಕು ಸುಮ್ಮನಾಗುವರು.

ಅವರ ಮೊಮ್ಮಗನು ಲಂಡನ್ನಿನಲ್ಲಿ ಉದ್ಯೋಗಸ್ಥನು. ಒಮ್ಮೆ ರಜೆಗೆಂದು ಊರಿಗೆ ಬಂದವನು ಅಜ್ಜನಿಗೆ ವಿನೋದವಾಗಲೆಂದು ತನ್ನ ಮೊಬೈಲಿನಲ್ಲಿ ಅಲ್ಲಿಯ ಒಂದು ಆಟವನ್ನು ತೋರಿಸಿದನು. ಅದರ ಹೆಸರು ಡಾರ್ಟ್ಸ್. ಗೋಡೆಗೆ ತೂಗುಹಾಕಿದ ಒಂದು ದುಂಡು ಹಲಗೆ; ಅದರಿಂದ ಏಳೂ ಮುಕ್ಕಾಲು ಅಡಿಗಿಂತ ಕೂದಲಷ್ಟು ಹೆಚ್ಚು ದೂರದಲ್ಲಿ ನಿಂತು ಬೆರಳುದ್ದದ ಬಾಣಗಳನ್ನು ಎಸೆಯಬೇಕು. 501 ಅಂಕಗಳಿಂದ ಇಳಿಯುತ್ತ ಇಳಿಯುತ್ತ ಸೊನ್ನೆಯನ್ನು ಮುಟ್ಟಬೇಕು. ಕೊನೆಯ ಬಾಣವು ಮಾತ್ರ ಹಲಗೆಯ ಅಂಚಿನ ಇಮ್ಮಡಿಯ ಬಳೆಯಲ್ಲಿ ಇಲ್ಲವೆ ನಟ್ಟನಡುವಿನ ಬೊಟ್ಟಿನಲ್ಲಿಯೇ ನೆಡಬೇಕು. ಆ ಬಳೆಯ ಅಗಲವು ಸುಮಾರು ಎಂಟು ಮಿಲಿಮೀಟರು, ಎಂದರೆ ಒಂದು ಪೆನ್ಸಿಲಿನಷ್ಟು. ನೋಡಿದರೆ ಇದು ಗರಡಿಯ ಆಟವಲ್ಲ, ಅಕ್ಕಸಾಲಿಗನ ಕೆಲಸ. ಉಸಿರನ್ನು ಹಿಡಿದು ಮಾಡುವಂಥದು.

ಆದರೆ ಆ ಆಟವು ನಡೆಯುವ ಸಭೆಯನ್ನು ನೋಡಿ ಮಾಸ್ತರರು ಬೆರಗಾದರು. ಉತ್ತರ ಲಂಡನ್ನಿನ ಗುಡ್ಡದ ಮೇಲೆ ಅಲೆಕ್ಸಾಂಡ್ರಾ ಪ್ಯಾಲೆಸ್ ಎಂಬ ಮಹಲು ಇರುವದು. 1873ರಲ್ಲಿ ತೆರೆದು, ಹದಿನಾರೇ ದಿನಗಳಲ್ಲಿ ಬೆಂಕಿಗೆ ಆಹುತಿಯಾಗಿ, 1875ರಲ್ಲಿ ಮರಳಿ ಎದ್ದುನಿಂತ ಕಟ್ಟಡವದು. 2007ರ ಡಿಸೆಂಬರದಿಂದ ಡಾರ್ಟ್ಸಿನ ಜಾಗತಿಕ ಪಂದ್ಯವು ಪ್ರತಿ ಚಳಿಗಾಲದಲ್ಲಿಯೂ ಅಲ್ಲಿಯೇ ನಡೆಯುವದು. ಉದ್ದನ್ನ ಮೇಜುಗಳ ಸಾಲು. ಮೇಜಿನ ತುಂಬ ಬಿಯರಿನ ಪಾತ್ರೆಗಳು. ಪಂಕ್ತಿಗೆ ಕುಳಿತಂತೆ ಸಾವಿರಾರು ಜನ. ಒಬ್ಬನು ಬಾಳೆಯ ಹಣ್ಣಿನ ವೇಷ, ಒಬ್ಬನು ಪಾದ್ರಿಯ ವೇಷ, ಒಂದು ಮೇಜಿನವರೆಲ್ಲರೂ ಕೋಳಿಗಳು. ಮೂರು ಬಾಣಗಳಿಗೆ 180 ಅಂಕಗಳು ಬಂದೊಡನೆ ಆ ಸಂಖ್ಯೆಯನ್ನು ಬರೆದ ಹಲಗೆಗಳನ್ನು ಎತ್ತಿಹಿಡಿದು ಎಲ್ಲರೂ ಏಳುವರು. ನಡುನಡುವೆ ಹಾಡು. ನಮ್ಮ ಕಡೆಯ ಕಾರಹುಣ್ಣಿವೆಯೂ ಹೋಳಿಯೂ ಒಂದೇ ಮನೆಯೊಳಗೆ ಹೊಕ್ಕಂತೆ ತೋರಿತು. ಮಾಸ್ತರರು ಮನಸಾರೆ ನಕ್ಕರು. ದುಡಿಯುವ ಜನವು ವರುಷದ ಕೊನೆಯಲ್ಲಿ ಹೀಗೆ ಮೈಮರೆಯುವದರಲ್ಲಿ ತಪ್ಪೇನು?

ಅಷ್ಟರಲ್ಲಿ ಮೊಮ್ಮಗನು ಇನ್ನೊಂದು ಚಿತ್ರವನ್ನು ತೆರೆದನು. 2023ರ ಜನವರಿ 1ರ ಪಂದ್ಯವದು. ವೇಲ್ಸ್ ದೇಶದ ಗರ್ವಿನ್ ಪ್ರೈಸ್ ಎಂಬ ಆಟಗಾರನು ಜರ್ಮನಿಯ ಗಾಬ್ರಿಯೆಲ್ ಕ್ಲೆಮೆನ್ಸನೊಡನೆ ಆಡುತ್ತಿದ್ದನು. ಪ್ರೈಸನು ಇಮ್ಮಡಿಯ ಬಳೆಗೆ ಗುರಿಯಿಡಲು ಕೈಯೆತ್ತುವದೇ ತಡ, ಸಭೆಯ ಮೂಲೆಮೂಲೆಯಿಂದ ಸಿಳ್ಳುಗಳು, ಛೀತ್ಕಾರಗಳು. ಕೈ ಇಳಿಸಿದೊಡನೆ ನಗೆ. ಮತ್ತೆ ಕೈಯೆತ್ತಿದರೆ ಮತ್ತೆ ಸಿಳ್ಳು. ನಡುವೆ ಒಳಗೆ ಹೋದ ಆಟಗಾರನು ಮರಳಿ ಬಂದದ್ದು ಯಂತ್ರಶಾಲೆಯ ಕೆಲಸಗಾರರು ಹಾಕಿಕೊಳ್ಳುವಂಥ ದಪ್ಪನ್ನ ಕಿವಿಮುಚ್ಚಿಗೆಗಳನ್ನು ಕಟ್ಟಿಕೊಂಡು! ಸಭೆಯು ಇನ್ನಿಷ್ಟು ನಕ್ಕಿತು. ಪಂದ್ಯವನ್ನು ಅವನು 5-1ರಿಂದ ಸೋತನು.

ಮೊಮ್ಮಗನೂ ನಗುತ್ತಿದ್ದನು. ಮಾಸ್ತರರು ಮಾತ್ರ, "ಆ ಕಿವಿ ಮುಚ್ಚಿಕೊಂಡಾಂವನ ಮಾರಿ ಇನ್ನೊಮ್ಮೆ ತೋರಸು" ಎಂದರು. ತೋರಿಸಿದಾಗ ಬಹಳ ಹೊತ್ತು ನೋಡಿದರು.

ಆ ಮನುಷ್ಯನ ಕಥೆಯಲ್ಲಿ ಇನ್ನೊಂದು ಎಳೆಯುಂಟು. ಎರಡು ವರುಷಗಳ ಹಿಂದೆ, 2021ರ ಜನವರಿಯಲ್ಲಿ, ಅವನು ಅದೇ ಮಹಲಿನಲ್ಲಿ ಜಗಜ್ಜೇತನಾಗಿದ್ದನು. ಆಗ ಮಹಾಮಾರಿಯ ಕಾಲ. ಮೇಜುಗಳೂ ಇಲ್ಲ, ವೇಷಗಳೂ ಇಲ್ಲ, ಬಾಣವು ಹಲಗೆಗೆ ನೆಟ್ಟ ಸದ್ದೂ ಕೇಳುವಷ್ಟು ನಿಶ್ಶಬ್ದ. ಇದರಿಂದ, ಜನರಿಲ್ಲದಿದ್ದರೇ ಆಟವು ಚೆಂದವೆಂದು ಯಾರಾದರೂ ತೀರ್ಮಾನಿಸಿದರೆ ಅದು ಸರಿಯಾಗಲಾರದು. ಅದೇ ಕಾಲದಲ್ಲಿ ನಮ್ಮ ಜಾತ್ರೆಗಳೂ ನಿಂತು, ಕುಸ್ತಿಯ ಕಣಗಳಲ್ಲಿ ಹುಲ್ಲು ಬೆಳೆದದ್ದನ್ನು ಮಾಸ್ತರರು ಕಂಡಿದ್ದರು. ನೋಡುವವರಿಲ್ಲದ ಕುಸ್ತಿಯು ಬರಿಯ ತಾಲೀಮು. ಪೈಲವಾನನ ಮೈಯೊಳಗಿನ ಕೊನೆಯ ಕಸುವನ್ನು ಹೊರಗೆಳೆಯುವದು ಜನರ ಕೂಗೇ. ಆದುದರಿಂದ ಪ್ರಶ್ನೆಯು ಜನ ಕೂಗಬೇಕೋ ಕೂಗಬಾರದೋ ಎಂಬುದಲ್ಲ. ಯಾವ ಕೂಗು, ಯಾವಾಗ ಎಂಬುದು.

ವಿಚಾರಿಸಿದರೆ ಕಣದ ಸುತ್ತಲೂ ಏಳುವ ಸದ್ದು ಮೂರು ಬಗೆಯದು. ಮೊದಲನೆಯದು ಹುರುಪಿನ ಸದ್ದು. ಒಳ್ಳೆಯ ಡಾವು ಬಿದ್ದಾಗ "ಭಲೇ!" ಎಂದು ತಾನಾಗಿಯೇ ಹೊರಡುವಂಥದು. ಅದಕ್ಕೆ ಪಕ್ಷಪಾತವಿದ್ದರೂ ವಿಷವಿಲ್ಲ. ಎರಡನೆಯದು ಬೇಸರದ ಸದ್ದು. ಜೋಡಿಗಳು ಒಬ್ಬರ ಕೊರಳಿಗೆ ಒಬ್ಬರು ಕೈಹಾಕಿ ಕಾಲು ಗಂಟೆ ನೂಕಾಡಿದರೆ ಜನ ತಾಳ್ಮೆಗೆಡುವರು. ಸುಡುವ ಬಿಸಿಲು, ಸಾಲದ್ದಕ್ಕೆ ಒಳಗೆ ಸೇರಿದ ಮದ್ಯ, ಜೊತೆಗೆ ಕಟ್ಟಿದ ಹೋಡು, ಊರೂರಿನ ಹಳೆಯ ಸೇಡು. ಇವೆಲ್ಲ ಕೂಡಿ ಬೇಸರವು ಬೈಗಳಾಗುವದು. ಮೂರನೆಯದು ಕೆಡಿಸುವ ಸದ್ದು. ಇದು ಹುರುಪಿನಿಂದಲೂ ಹುಟ್ಟಿದ್ದಲ್ಲ, ಬೇಸರದಿಂದಲೂ ಅಲ್ಲ. ಇದಕ್ಕೆ ಕಣ್ಣುಂಟು, ಲೆಕ್ಕವುಂಟು. ಎದುರಿನವನ ಕೈ ಮೇಲೇರುವದನ್ನೇ ಕಾದು, ಆ ಗಳಿಗೆಗೇ ಸಿಳ್ಳು ಹಾಕುವದು. ಇಲ್ಲಿ ಪ್ರೇಕ್ಷಕನು ಪ್ರೇಕ್ಷಕನಾಗಿ ಉಳಿದಿಲ್ಲ. ಟಿಕೀಟು ತೆಗೆಸಿದ ಮಾತ್ರಕ್ಕೆ ಮೂರನೆಯ ಆಟಗಾರನಾಗಿ, ಕಟ್ಟಳೆಯಿಲ್ಲದ ಆಟವನ್ನು ಆಡತೊಡಗಿರುವನು.

ಈ ರೋಗವು ಪರದೇಶದ್ದೆಂದು ನಾವು ಮೂಗೆಳೆಯುವಂತಿಲ್ಲ. 1996ರ ಮಾರ್ಚ 13ರಂದು ಕೋಲಕಾತೆಯ ಈಡನ್ ಗಾರ್ಡನ್ಸಿನಲ್ಲಿ ವಿಶ್ವಕಪ್ಪಿನ ಉಪಾಂತ್ಯ ಪಂದ್ಯವು ನಡೆದಿತ್ತು. ಶ್ರೀಲಂಕೆಯ 251ಕ್ಕೆ ಉತ್ತರವಾಗಿ ಭಾರತವು 120ಕ್ಕೆ ಎಂಟು ಹುದ್ದರಿಗಳನ್ನು ಕಳೆದುಕೊಂಡಾಗ ಜನ ಬಾಟಲಿಗಳನ್ನು ಎಸೆದರು, ಆಸನಗಳಿಗೆ ಬೆಂಕಿಯಿಟ್ಟರು. ಪಂದ್ಯದ ಅಧಿಕಾರಿ ಕ್ಲೈವ್ ಲಾಯ್ಡರು ಆಟವನ್ನು ಅಲ್ಲಿಗೇ ನಿಲ್ಲಿಸಿ ಗೆಲವನ್ನು ಶ್ರೀಲಂಕೆಗೆ ಕೊಟ್ಟರು. ವಿನೋದ ಕಾಂಬಳಿಯು ಕಣ್ಣೀರಿಡುತ್ತ ಹೊರಬಂದ ದೃಶ್ಯವನ್ನು ದೇಶವೆಲ್ಲ ನೋಡಿತು. ಆ ದಿನ ಭಾರತದ ಆಟಗಾರರು ಸೋಲುವ ಹಕ್ಕನ್ನೂ ಕಳೆದುಕೊಂಡರು. ಅವರ ಸೋಲನ್ನು ಅವರದೇ ಜನ ಅರ್ಧದಲ್ಲಿಯೇ ಕಸಿದುಕೊಂಡಿದ್ದರು.

ಆದರೆ ಅದೇ ದೇಶದಲ್ಲಿ ಮೂರು ವರುಷಗಳೊಳಗಾಗಿ ಇನ್ನೊಂದು ದಿನವೂ ಮೂಡಿತು. 1999ರ ಜನವರಿ 31ರಂದು ಚೆನ್ನೈಯಲ್ಲಿ ಪಾಕಿಸ್ತಾನದವರು ಭಾರತವನ್ನು ಬರಿಯ 12 ಓಟಗಳಿಂದ ಸೋಲಿಸಿದರು. ತೆಂಡೂಲಕರರು 136 ಓಟ ಹೊಡೆದು ಗೆಲವಿನ ಹೊಸ್ತಿಲಲ್ಲಿ ಔಟಾಗಿದ್ದರು. ಕ್ಷಣಕಾಲ ಮೈದಾನವೆಲ್ಲ ಮೂಕವಾಯಿತು. ಆಮೇಲೆ ಜನ ಒಬ್ಬೊಬ್ಬರಾಗಿ ಎದ್ದುನಿಂತು ಚಪ್ಪಾಳೆಯಿಕ್ಕಹತ್ತಿದರು. ಗೆದ್ದ ಪರದೇಶದ ತಂಡವು ಮೈದಾನದ ಸುತ್ತಲೂ ಓಡಿ ಆ ಮನ್ನಣೆಯನ್ನು ಸ್ವೀಕರಿಸಿತು. ಎರಡು ದೇಶಗಳ ನಡುವೆ ಇದ್ದ ವೈರವನ್ನು ಬಲ್ಲವರಿಗೆ ಆ ಚಪ್ಪಾಳೆಯ ಬೆಲೆ ತಿಳಿದೀತು. ಗುಂಪು ಎಂದರೆ ಮೃಗವೇ ಎಂದು ಹೇಳುವ ತತ್ತ್ವಜ್ಞಾನಿಗಳು ಆ ಮಧ್ಯಾಹ್ನವನ್ನು ಎಲ್ಲಿ ಇಡುವರು?

ಗುಂಪು ಮೃಗವೂ ಅಲ್ಲ, ದೇವರೂ ಅಲ್ಲ. ಅದನ್ನು ಹೇಗೆ ಕೂಡಿಸಿದರೆ ಹಾಗೆ ಕೂಡ್ರುವದು. ಕೊಲ್ಹಾಪುರದ ಶಾಹೂ ಮಹಾರಾಜರು ಇದನ್ನು ಬಲ್ಲವರಾಗಿದ್ದರು. 1912ರಲ್ಲಿ ಸಿದ್ಧವಾದ ಖಾಸಬಾಗದ ಕುಸ್ತಿಯ ಮೈದಾನವನ್ನು ಅವರು ಬಟ್ಟಲಿನಂತೆ ಕಟ್ಟಿಸಿದರು. ಕಣವು ನಡುವೆ, ಜನರೆಲ್ಲ ಸುತ್ತಲಿನ ಇಳಿಜಾರಿನಲ್ಲಿ. ಮುಂದಿನವನ ತಲೆಯು ಹಿಂದಿನವನ ಕಣ್ಣಿಗೆ ಅಡ್ಡಬಾರದು. ಕಾಣಿಸಿದರೆ ಜನ ಕುಳಿತುಕೊಳ್ಳುವರು. ಕುಳಿತವನು ನಿಂತವನಷ್ಟು ಬೇಗ ಹೊಡೆದಾಟಕ್ಕೆ ಏಳುವದಿಲ್ಲ. ಅಂಕಲಗಿಯ ಸುತ್ತಿನ ಪೈಲವಾನರು ತಲೆಮಾರುಗಳಿಂದ ಆ ಬಟ್ಟಲಿಗೆ ಹೋಗಿ ಬಂದಿರುವರು. ಅಲ್ಲಿಯ ಡಾವುಗಳನ್ನು ತಂದಿರುವರು. ಆದರೆ ಕೂಡ್ರಿಸುವ ವಿದ್ಯೆಯನ್ನು ನಮ್ಮ ಜಾತ್ರೆಯ ಪಂಚರು ಇನ್ನೂ ಪೂರಾ ತಂದಿಲ್ಲ.

ಮಾಸ್ತರರ ತಂದೆಯವರು ಇದೇ ಮಾತಿಗೆ ಬೇರೊಂದು ಸಾಕ್ಷಿ ಹೇಳುತ್ತಿದ್ದರು. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆದಾಗ ಅವರು ಹದಿನಾರರ ಹುಡುಗ. ಯಾರದೋ ಚಕ್ಕಡಿಯಲ್ಲಿ ಕುಳಿತು ನೋಡಹೋಗಿದ್ದರು. ಗಾಂಧಿಯವರ ಮುಖವು ಅವರಿಗೆ ಸರಿಯಾಗಿ ಕಂಡಿರಲಿಲ್ಲ. ನೆನಪಿನಲ್ಲಿ ಉಳಿದದ್ದು ಡಾಕ್ಟರ ಹರ್ಡೀಕರರ ಸೇವಾದಳದ ಸ್ವಯಂಸೇವಕರು. ಕೈಯಲ್ಲಿ ಆಯುಧವಿಲ್ಲ, ಬಾಯಲ್ಲಿ ಬೈಗಳಿಲ್ಲ. ಜನಸಮುದ್ರದ ಅಂಚಿಗೆ ಸಾಲಾಗಿ ನಿಂತು, "ಅಪ್ಪಾ, ಹಿಂದಿನವರಿಗೂ ಕಾಣಲಿ" ಎಂದಷ್ಟೇ ಹೇಳುತ್ತಿದ್ದರಂತೆ. ನೆಲದ ಮೇಲೆ ಕೂಡ್ರದ ಜನ ಆ ಒಂದು ಮಾತಿಗೆ ಕೂಡ್ರುತ್ತಿದ್ದರಂತೆ. "ಹಿಂದಿನವ" ಎಂಬ ಒಬ್ಬನಿರುವನೆಂಬುದನ್ನು ನೆನಪಿಸುವದೇ ಗುಂಪನ್ನು ಮನುಷ್ಯರನ್ನಾಗಿ ಮಾಡುವ ಉಪಾಯವೆಂದು ತಂದೆಯವರು ಹೇಳುತ್ತಿದ್ದರು.

ಇದನ್ನು ನಮ್ಮ ಹಳ್ಳಿಯ ಆಟದವರು ಯಾವ ದಳವೂ ಇಲ್ಲದೆ ಅರಿತಿದ್ದರು. ಕುಲಗೋಡದ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡ ಶ್ರೀಕೃಷ್ಣ ಪಾರಿಜಾತದ ಆಟವನ್ನು ಇರುಳೆಲ್ಲ ನೋಡಿದವರು ಬಲ್ಲರು. ಮೂಲೆಯಲ್ಲಿ ಕುಳಿತು ಕೊಂಕು ನುಡಿಯುವವನನ್ನು ಭಾಗವತನು ಗದರಿಸುವದಿಲ್ಲ. ಅವನನ್ನೇ ಮಾತಿಗೆ ಎಳೆದು ಒಂದು ಚಟಾಕಿ ಹಾರಿಸುವನು. ಜನ ನಗುವರು. ಕೊಂಕಿನವನಿಗೆ ತಟ್ಟನೆ ಒಂದು ಮುಖವೂ ಒಂದು ಹೆಸರೂ ಬಂದುಬಿಡುವವು. ಮುಖ ಬಂದ ಮೇಲೆ ಅವನು ಬೆಳತನಕ ತೆಪ್ಪಗಿರುವನು.

ಇಷ್ಟೆಲ್ಲವನ್ನೂ ಮಾಸ್ತರರು ಮೊಮ್ಮಗನಿಗೆ ಆ ರಾತ್ರಿ ಅಂಗಳದಲ್ಲಿ ಕುಳಿತು ಹೇಳಿದರು. ಹುಡುಗನು ಸಭ್ಯನು, ಕೇಳಿದನು. ಕೊನೆಗೆ ಮಾತ್ರ, "ಅಜ್ಜಾ, ಅಲ್ಲಿ ಹತ್ತಿರ ಹತ್ತಿರ ಮೂರು ಸಾವಿರ ಮಂದಿ ಕೂಗತಾರ. ಅದರಾಗ ನಂದೊಂದು ಸಿಳ್ಳು ಹೆಚ್ಚಾದರ ಏನಾಗತೈತಿ?" ಎಂದನು.

ಆಗ ಮಾಸ್ತರರು ಐವತ್ತು ವರುಷಗಳಿಗೂ ಮಿಕ್ಕಿ ಯಾರಿಗೂ ಹೇಳದಿದ್ದ ಸಂಗತಿಯನ್ನು ಹೇಳಿದರು.

ಅವರಿಗೆ ಆಗ ಇಪ್ಪತ್ತು ವರುಷ. ಕಾಲೇಜಿನ ಗಾಳಿ ಮೈಗೆ ಸೋಂಕಿದ ದಿನಗಳು; ಮಾತಿನಲ್ಲಿ ಜಾಣನೆಂಬ ಹೆಸರು ಗೆಳೆಯರಲ್ಲಿ ಇತ್ತು. ಗೋಕಾವಿಯ ಕಡೆಯ ಒಂದು ಜಾತ್ರೆಯಲ್ಲಿ ಬೆಳ್ಳಿಯ ಕಡೆಯ ಕುಸ್ತಿ ನಡೆದಿತ್ತು. ಒಬ್ಬನು ಈ ಊರಿನ ಏರುಜವ್ವನದ ಪೈಲವಾನ. ಎದುರಿನವನು ಪರಊರಿನವನು, ವಯಸ್ಸು ನಲವತ್ತರ ಆಚೆ, ಕಿವಿಯ ಬಳಿ ನೆರೆತ ಕೂದಲು. ಇಪ್ಪತ್ತು ನಿಮಿಷವಾದರೂ ಕುಸ್ತಿ ಕಡೆಗಾಣದು. ಹಿರಿಯನು ಬಲದಿಂದಲ್ಲ, ಬುದ್ಧಿಯಿಂದ ಆಡುತ್ತಿದ್ದನು. ಹುಡುಗನು ಹಾಕಿದ ಪ್ರತಿಯೊಂದು ಡಾವನ್ನೂ ಕೊನೆಯ ಗಳಿಗೆಯಲ್ಲಿ ಬಿಡಿಸಿಕೊಳ್ಳುತ್ತಿದ್ದನು. ಬಲ್ಲವರಿಗೆ ಅದು ನೋಡಬೇಕಾದ ಕುಸ್ತಿ. ಆದರೆ ಬಿಸಿಲು ಬಹಳವಿತ್ತು, ಜನ ಬೇಸತ್ತಿದ್ದರು.

ಆಗ ಇಪ್ಪತ್ತರ ಆ ಜಾಣನು ಗೆಳೆಯರ ಹೆಗಲ ಮೇಲೆ ಕೈಯೂರಿ ಎದ್ದುನಿಂತು, "ಅಜ್ಜಾ, ಹಾಸಿಗಿ ಹಾಸೇತಿ, ಮಕ್ಕೊ!" ಎಂದು ಕೂಗಿದನು.

ಜನಕ್ಕೆ ಅದು ಹಿಡಿಸಿತು. ನಾಲ್ಕು ಮಂದಿ ನಕ್ಕರು, ನಲವತ್ತು ಮಂದಿ ಕೂಗಿದರು. ಬರಬರುತ್ತ ಹಲಗೆಯವನೂ ಅದೇ ಲಯಕ್ಕೆ ಬಡಿಯಹತ್ತಿದನು. ಇಡಿಯ ಮೈದಾನವೇ "ಮಕ್ಕೊ ಅಜ್ಜಾ" ಎಂದು ತಾಳ ಹಾಕಿತು. ಹಿರಿಯ ಪೈಲವಾನನು ಒಂದೇ ಒಂದು ಸಲ ಕತ್ತನ್ನು ಆ ಕಡೆಗೆ ತಿರುವಿದನು. ಅಷ್ಟು ಸಾಕಾಯಿತು. ಹುಡುಗನು ಒಳನುಗ್ಗಿ ಎತ್ತಿ ಕೆಡವಿದನು. ಬೆನ್ನಿಗೆ ಮಣ್ಣು ಹತ್ತಿತು.

ಸೋತವನು ಎದ್ದು, ಗೆದ್ದವನ ಬೆನ್ನು ಚಪ್ಪರಿಸಿ, ಮಣ್ಣು ಮುಟ್ಟಿ ನಮಸ್ಕರಿಸಿ ಹೊರಗೆ ಬಂದನು. ಬಂದವನು ನಡೆದದ್ದು ನೆಟ್ಟಗೆ ಈ ಗೆಳೆಯರ ಗುಂಪಿನ ಕಡೆಗೆ. ಜಾಣನ ಎದೆ ಡವಗುಟ್ಟಿತು. ಪೈಲವಾನನು ಅವನ ಮುಂದೆಯೇ ಕುಕ್ಕರಿಸಿ ಕುಳಿತು, ಏದುತ್ತ, "ತಮ್ಮಾ, ಒಂದೀಟು ನೀರಿದ್ರ ಕೊಡಪಾ" ಎಂದನು. ಕೂಗಿದವನು ಯಾರೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ ಹೇಳುವಂತಿಲ್ಲ. ಗೆಳೆಯನ ತಂಬಿಗೆಯಲ್ಲಿ ಇದ್ದ ನೀರನ್ನು ಈ ಕೈಗಳೇ ಅವನಿಗೆ ಕೊಟ್ಟವು. ಗಟಗಟನೆ ಕುಡಿದು, ತಂಬಿಗೆಯನ್ನು ಮರಳಿಸಿ, "ಪುಣ್ಯ ಬರ್ಲಿ ನಿನಗ" ಎಂದು ಹೇಳಿ ಆ ಮನುಷ್ಯನು ಜನರೊಳಗೆ ಮರೆಯಾದನು. ಅವನ ಊರು ಯಾವುದೆಂದು ಕೇಳುವ ಧೈರ್ಯವು ಜಾಣನಿಗೆ ಆಗಲಿಲ್ಲ. ಮುಂದೆ ಎಷ್ಟೋ ಜಾತ್ರೆಗಳಲ್ಲಿ ಹುಡುಕಿದರೂ ಅವನು ಮತ್ತೆ ಕಾಣಲಿಲ್ಲ.

"ನಾನು ಕೂಗದಿದ್ದರೂ ಆತ ಸೋಲತಿದ್ದನೋ ಏನೋ" ಎಂದರು ಮಾಸ್ತರರು. "ವಯಸ್ಸಿನ ಮುಂದ ಯಾವ ಡಾವು ನಡೀತೈತಿ? ಆದರ ಆ ಸೋಲು ಆತಂದ ಆಗಿರತಿತ್ತು. ಗೆದ್ದ ಹುಡುಗನ ಗೆಲವೂ ಆ ಹುಡುಗಂದ ಆಗಿರತಿತ್ತು. ಎರಡನೂ ನಾ ಕಳುವು ಮಾಡಿದೆ. ಮಂದಿ ಎರಡು ಸಾವಿರ ಇತ್ತು, ಖರೆ. ಆದರ ನೀರು ಕೇಳಾಕ ಆತ ಬಂದದ್ದು ಒಬ್ಬನ ಕಡೆಗೆ."

ಅಂಗಳದಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕಣದ ಬದಿಯಲ್ಲಿ ಅಜ್ಜನ ಪಕ್ಕಕ್ಕೆ ವರುಷ ವರುಷವೂ ಇರುವ ತಾಮ್ರದ ತಂಬಿಗೆಯ ನೆನಪು ಮೊಮ್ಮಗನಿಗೆ ಬಂದಿರಬೇಕು. ಅದರ ನೀರನ್ನು ಅಜ್ಜನು ಕುಡಿದದ್ದನ್ನು ಅವನು ನೋಡಿರಲಿಲ್ಲ. ಸೋತು ಹೊರಬಂದ ಪೈಲವಾನರ ಕೈಗೆ ಅದು ಹೋಗುವದನ್ನು ಚಿಕ್ಕಂದಿನಿಂದಲೂ ನೋಡಿದ್ದನು.

ಮರುವಾರ ಹುಡುಗನು ಹೊರಟುನಿಂತಾಗ ಮಾಸ್ತರರು ಹರಸಿದರು. ಡಿಸೆಂಬರದಲ್ಲಿ ಆ ಗುಡ್ಡದ ಮಹಲಿಗೆ ಗೆಳೆಯರೊಡನೆ ಹೋಗುವದು ಮೊದಲೇ ಗೊತ್ತಾಗಿತ್ತು, ಟಿಕೀಟುಗಳೂ ಬಂದಿದ್ದವು. ಹೋಗಬೇಡವೆಂದು ಅವರು ಹೇಳಲಿಲ್ಲ. "ಹೋಗು. ವೇಷ ಹಾಕು, ಹಾಡು, ಮೇಜು ಬಡಿ. ದೇವರು ಗಂಟಲ ಕೊಟ್ಟಾನ" ಎಂದರು. ಬಸ್ಸು ಬಂದಿತು. ಹುಡುಗನು ಮೆಟ್ಟಿಲೇರುವಾಗ ಹಿಂದಿನಿಂದ ಮತ್ತೆ ಕರೆದು, ಪಾಠಶಾಲೆಯಲ್ಲಿ ಹೇಳುತ್ತಿದ್ದ ಧ್ವನಿಯಲ್ಲಿಯೇ ಹೇಳಿದರು: "ಆದರ ಆಂವ ಕೈ ಎತ್ತಿದಾಗ ಬಾಯಿ ಮುಚ್ಚು."